ತರ್ಜುಮೆ ಮೊಹಿನುದ್ದೀನ್ ಮತ್ತು ಮಂಠಾಳದ ಪರದೇಶಿ

ಹುಮನಾಬಾದಿನಲ್ಲಿ ಬರೀ ಮೊಹಿನುದ್ದೀನ್ ಎಂದು ವಿಚಾರಿಸಿದರೆ ಜನ ಯಾವ ಮೊಹಿನುದ್ದೀನ್ ಎಂದು ತಿರುಗಿ ಕೇಳುತ್ತಿದ್ದರು. ಟಾಂಗಾ ಹೊಡೆಯುವವನೊಬ್ಬನಿದ್ದ, ಬಳೆ ಮಾರುವವನೊಬ್ಬನಿದ್ದ. ತರ್ಜುಮೆ ಮೊಹಿನುದ್ದೀನ್ ಎಂದರೆ ಮಾತ್ರ, ಓಹೋ ಆ ಸುಸ್ತಿನ ಮನುಷ್ಯನೇ ಎಂದು ಕಚೇರಿಯ ಕಡೆ ಕೈ ತೋರಿಸುತ್ತಿದ್ದರು. ಸುಸ್ತು ಎಂಬುದು ಅವನಿಗೆ ಮನೆತನದ ಹೆಸರಿನ ಹಾಗೆ ಅಂಟಿಕೊಂಡಿತ್ತು. ನಲವತ್ತು ತುಂಬುವ ಮೊದಲೇ ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಂಡು ಒಳಗೆ ಹೋಗುವ ರೂಢಿ ಮಾಡಿಕೊಂಡಿದ್ದ. ಮೆಟ್ಟಿಲು ಇದ್ದದ್ದಾದರೂ ಎಷ್ಟು, ಮೂರೋ ನಾಲ್ಕೋ.

ಅವನ ಕೆಲಸ ಕೇಳಲು ಹಗುರ, ಮಾಡಲು ಭಾರ. ಅದು ನಿಜಾಮರ ಆಳ್ವಿಕೆಯ ಕಾಲ. ಸರ್ಕಾರ ಮಾತಾಡುವುದೆಲ್ಲ ಉರ್ದುವಿನಲ್ಲಿ, ಹಳ್ಳಿಗಳು ಮಾತಾಡುವುದು ಕನ್ನಡದಲ್ಲಿ, ಅಲ್ಲಲ್ಲಿ ಮರಾಠಿಯಲ್ಲಿ. ಶಾಲೆಗಳ ಮೇಲೆ ಕಣ್ಣಿಡುವ ಒಂದು ಸಣ್ಣ ಕಚೇರಿ ಹುಮನಾಬಾದಿನ ಬಜಾರಿನ ಹಿಂದೆ ಇತ್ತು. ಮೇಲಿನಿಂದ ಬಂದ ಹುಕುಮನ್ನು ಕನ್ನಡ ಮಾಡಿ ಹಳ್ಳಿಯ ಪಟೇಲರಿಗೆ ಕಳಿಸುವುದು, ಪಟೇಲರು ಬರೆಸಿ ಕಳಿಸಿದ್ದನ್ನು ಉರ್ದು ಮಾಡಿ ಮೇಲೆ ಕಳಿಸುವುದು, ಇಷ್ಟೇ ಅವನ ಉದ್ಯೋಗ. ಮೇಲಿನವರ ಮಾತು ಕೆಳಗೆ, ಕೆಳಗಿನವರ ಮಾತು ಮೇಲೆ. ನಡುವೆ ನಿಂತವನಿಗೂ ತನ್ನದೆಂಬ ಒಂದು ಮಾತು ಇದ್ದೀತು ಎಂದು ಯಾರಿಗೂ ಹೊಳೆದಿರಲಿಲ್ಲ. ಬರಬರುತ್ತ ಅವನಿಗೂ ಮರೆತೇ ಹೋಗಿತ್ತು.

ಮನೆ ಇದ್ದದ್ದು ಕಲ್ಯಾಣಿಯಲ್ಲಿ. ಈಗ ಬಸವಕಲ್ಯಾಣ ಎನ್ನುವ ಊರನ್ನು ಆಗ ಹಾಗೇ ಕರೆಯುತ್ತಿದ್ದರು. ಕೋಟೆಯ ಮಗ್ಗುಲಿನ ಓಣಿಯಲ್ಲಿ ಅವನ ಅಜ್ಜನ ಅಜ್ಜ ಕಟ್ಟಿಸಿದ ಮನೆ. ಗುರುವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗಿ, ಶುಕ್ರವಾರದ ರಜೆಯಲ್ಲಿ ಮಲಗಿ ಎದ್ದು, ಶನಿವಾರ ಬೆಳಿಗ್ಗೆ ವಾಪಸ್. ನಮ್ಮ ಮನೆಗೆ ವಾರಕ್ಕೊಮ್ಮೆ ಗಂಡ ಬರುವುದಿಲ್ಲ, ನಿದ್ದೆ ಬರುತ್ತದೆ ಎಂದು ಹೆಂಡತಿ ತಾಹೇರಾ ನೆರೆಯವರ ಮುಂದೆ ನಗಾಡುತ್ತಿದ್ದಳು. ಅವನಿಗೆ ಕೇಳಿಸಿದರೂ ಉತ್ತರ ಕೊಡುವ ತ್ರಾಣ ಇರುತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ಮೇಲಿನಿಂದ ಒಂದು ಹುಕುಮು ಬಂತು. ಮಿಡಲ್ ಶಾಲೆ ದಾಟಿ ಮುಂದೆ ಓದುತ್ತಿರುವ ಗಂಡುಹುಡುಗರು ಯಾವ ಸೀಮೆಯಲ್ಲಿ ಎಷ್ಟಿದ್ದಾರೆ, ಅವರಲ್ಲಿ ರಾಜ್ಯದವರು ಎಷ್ಟು, ಹೊರಗಿನಿಂದ ಬಂದವರು ಎಷ್ಟು, ಸೀಮೆ ಸೀಮೆಗೆ ಹೋಲಿಸಿ ತಖ್ತೆ, ಅಂದರೆ ಲೆಕ್ಕದ ಪಟ್ಟಿ, ಕಳಿಸಬೇಕು ಎಂದು. ಹೆಣ್ಣುಮಕ್ಕಳ ವಿಷಯ ಅದರಲ್ಲಿ ಒಂದಕ್ಷರ ಇರಲಿಲ್ಲ. ಅವರು ಓದುವುದೂ ಇಲ್ಲ, ಎಣಿಸುವುದೂ ಬೇಡ ಎಂದು ಮೇಲಿನವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು. ರಾಜ್ಯದವರನ್ನು ಹುಕುಮಿನಲ್ಲಿ ಮುಲ್ಕಿ ಎಂದೂ ಹೊರಗಿನವರನ್ನು ಗೈರಮುಲ್ಕಿ ಎಂದೂ ಬರೆದಿದ್ದರು. ನೌಕರಿ, ವಜೀಫೆ ಎಂಬ ವಿದ್ಯಾರ್ಥಿವೇತನ, ಕಾಲೇಜಿನ ಪುಕ್ಕಟೆ ಊಟ ವಸತಿ ಎಲ್ಲ ಮುಲ್ಕಿಗಳಿಗೆ. ಗೈರಮುಲ್ಕಿ ಎನಿಸಿಕೊಂಡವನು ಬಾಗಿಲ ಹೊರಗೇ ನಿಲ್ಲಬೇಕು.

ಹುಮನಾಬಾದಿನ ಸುತ್ತಲಿನ ಹಳ್ಳಿಗಳಿಗೆ ಕಚೇರಿಯ ಇನ್ನೊಬ್ಬ ಗುಮಾಸ್ತ ಬರೆದ. ಅವನು ಪುಣ್ಯಾತ್ಮ, "ಬೇರೆ ರಾಜ್ಯದಿಂದ ಬಂದ ಹುಡುಗರು" ಎಂದು ಉದ್ದಕ್ಕೆ ಬರೆದ. ಕಲ್ಯಾಣಿ ಸುತ್ತಲಿನ ಹಳ್ಳಿಗಳು ಮೊಹಿನುದ್ದೀನನ ಪಾಲಿಗೆ ಬಂದವು. ಒಂದೇ ಒಕ್ಕಣೆಯನ್ನು ಹಳ್ಳಿಗೊಂದರಂತೆ ಬರೆಯಬೇಕು. ಕೈ ಸೋತಿತ್ತು. ಒಂದೇ ಶಬ್ದದಲ್ಲಿ ಮುಗಿದರೆ ಸಾಕೆನಿಸಿತು. ಮನೆಯಲ್ಲಿ ಆಡುವ ಉರ್ದು ಮಾತಿನಲ್ಲಿ ಹೊರದೇಶದವನು ಎಂದರೆ ಪರದೇಸಿ. ಅದನ್ನೇ ಕನ್ನಡದ ಅಕ್ಷರಕ್ಕೆ ಇಳಿಸಿದ: "ಮುಂದೆ ಓದುವ ಗಂಡುಹುಡುಗರಲ್ಲಿ ಪರದೇಶಿಗಳು ಎಷ್ಟು?"

ಕಲ್ಯಾಣಿಯ ಓಣಿಯಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಪರದೇಶಿ ಎಂದರೆ ಕನ್ನಡದ ಬಾಯಲ್ಲಿ ಏನೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ತಾಯಿ ತಂದೆ ಸತ್ತ ಮಗುವನ್ನು ಊರೆಲ್ಲ ಅಯ್ಯೋ ಪರದೇಶಿ ಎಂದೇ ಮರುಗುವುದು. ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ. ದಣಿದವನ ತಲೆಯಲ್ಲಿ ಒಂದು ಶಬ್ದಕ್ಕೆ ಒಂದೇ ಅರ್ಥ ಇರುತ್ತದೆ, ಎರಡನೆಯದಕ್ಕೆ ಜಾಗ ಇರುವುದಿಲ್ಲ.

ಪಟೇಲರು ನಿಷ್ಠಾವಂತರು. ಸರ್ಕಾರ ಕೊನೆಗೂ ತಬ್ಬಲಿಗಳ ಮೇಲೆ ಕರುಣೆ ತೋರಿಸಲು ಹೊರಟಿದೆ ಎಂದು ತಿಳಿದು ಓಣಿ ಓಣಿ ತಿರುಗಿ ಹುಡುಕಿದರು. ಮುಂದೆ ಓದುವ ಎಂಬ ಮಾತನ್ನು ಕೆಲವರು ಮುಂದೆ ಎಂದಾದರೂ ಓದಬಹುದಾದ ಎಂದು ಅರ್ಥ ಮಾಡಿಕೊಂಡರು. ದನ ಕಾಯುವ ಹುಡುಗರು ಬಂದರು, ತೊಟ್ಟಿಲ ಕೂಸೂ ಬಂತು. ಒಬ್ಬ ಪಟೇಲನಂತೂ ಮಕ್ಕಳಿಲ್ಲದ ಮುದುಕಿಯ ಹೆಸರು ಸೇರಿಸಿ, ಈಕೆಗೂ ಯಾರೂ ಇಲ್ಲ, ಗಂಡುಹುಡುಗ ಅಲ್ಲದಿದ್ದರೂ ಸರ್ಕಾರ ದಯ ಮಾಡಬೇಕು ಎಂದು ಬರೆಸಿದ್ದ. ಆ ಮುದುಕಿಯ ಹೆಸರು ಕಂಡಾಗಲಾದರೂ ಮೊಹಿನುದ್ದೀನ್ ಎಚ್ಚೆತ್ತುಕೊಳ್ಳಬೇಕಾಗಿತ್ತು. ಪಟೇಲನಿಗೆ ತಲೆ ಕೆಟ್ಟಿದೆ ಎಂದುಕೊಂಡು ಆ ಒಂದು ಹೆಸರಿನ ಮೇಲೆ ಗೀಟೆಳೆದು, ಉಳಿದವರನ್ನು ಗೈರಮುಲ್ಕಿ ಎಂಬ ಖಾನೆಗೆ ತುಂಬಿ ಮೇಲೆ ಕಳಿಸಿಬಿಟ್ಟ.

ಜಿಲ್ಲೆಯ ಶಾಲೆಗಳ ಮೇಲಿನ ಸಾಹೇಬರು ತಖ್ತೆ ನೋಡಿ ಹಿಗ್ಗಿಹೋದರು. ಹುಮನಾಬಾದಿನ ಸೀಮೆಯಲ್ಲಿ ಹೊರಗಿನ ಹುಡುಗ ಒಬ್ಬನೂ ಇಲ್ಲ. ಕಲ್ಯಾಣಿಯ ಸೀಮೆಯಲ್ಲಿ ನೋಡಿದರೆ ಹಳ್ಳಿ ಹಳ್ಳಿಗೆ ಹೊರಗಿನವರೇ! ಅಂದರೆ ದೂರದೂರದ ರಾಜ್ಯಗಳಿಂದ ಹುಡುಗರು ವಿದ್ಯೆ ಹುಡುಕಿಕೊಂಡು ಕಲ್ಯಾಣಿಗೆ ಬರುತ್ತಿದ್ದಾರೆ, ಹಳೆಯ ವೈಭವ ಮರಳಿದೆ ಎಂದು ಅವರು ತಮ್ಮ ಮೇಲಿನವರಿಗೆ ಬರೆದರು. ಮೇಲಿನಿಂದ ಶಾಬಾಸ್ ಬಂತು. ಯಾವ ಯಾವ ಸೀಮೆ ಹೇಗಿದೆ ಎಂದು ಹೋಲಿಸುವ ಸಭೆಯಲ್ಲಿ ಕಲ್ಯಾಣಿಯ ಹೆಸರನ್ನು ಎಲ್ಲಕ್ಕಿಂತ ಮೊದಲು ಓದಿದರಂತೆ. ಸಾಹೇಬರು ಸ್ವತಃ ಲಖನೌ ಕಡೆಯಿಂದ ಬಂದವರು. ನಿಜವಾದ ಗೈರಮುಲ್ಕಿ ಯಾರೆಂದು ಹುಡುಕಿದ್ದರೆ ಅವರ ಕುರ್ಚಿಯಿಂದಲೇ ಶುರು ಮಾಡಬೇಕಾಗಿತ್ತು. ಆ ಮಾತನ್ನು ಎತ್ತುವ ಗಂಡೆದೆ ಯಾರಿಗಿತ್ತು!

ಮರುವರ್ಷ ಮಳೆಗಾಲದ ಮೊದಲಲ್ಲಿ ಒಬ್ಬ ಹೆಂಗಸು ಕಚೇರಿಯ ಮೆಟ್ಟಿಲ ಹತ್ತಿರ ಬಂದು ನಿಂತಳು. ಕೂಲಿನಾಲಿ ಮಾಡಿ ಒಣಗಿದ ಮೈ, ಮೊಣಕಾಲವರೆಗೆ ಧೂಳು. ಜೊತೆಗೆ ಮೀಸೆ ಮೂಡುತ್ತಿದ್ದ ಎತ್ತರದ ಹುಡುಗ. ಹೆಂಗಸು ಕಲ್ಯಾಣಿ ಹತ್ತಿರದ ಮಂಠಾಳದ ಬಾಳಮ್ಮ, ಹುಡುಗ ಏಕನಾಥ. ಏಕನಾಥ ಕೂಸಿದ್ದಾಗಲೇ ಅವನ ತಾಯಿ ತಂದೆ ಇಬ್ಬರೂ ಪ್ಲೇಗಿನಲ್ಲಿ ಹೋದರು. ತಾಯಿಯ ತಂಗಿ ಬಾಳಮ್ಮ ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದಳು. ಗಡಿಯ ಆಚೆಯ ಅಕ್ಕಲಕೋಟೆ ಸೀಮೆಯಿಂದ ಬಂದವಳು ಕೂಸನ್ನು ಎತ್ತಿಕೊಂಡು ಮಂಠಾಳದಲ್ಲೇ ಉಳಿದಳು. ಆಚೆಗೆ ಕರೆದುಕೊಂಡು ಹೋಗು ಎಂದರೆ, ಅಪ್ಪ ಅವ್ವನ ಮಣ್ಣು ಇಲ್ಲೇ ಅದ, ಹುಡುಗ ಇಲ್ಲೇ ಬೆಳೀಲಿ ಎಂದಿದ್ದಳಂತೆ. ಹುಡುಗ ಓದಿನಲ್ಲಿ ಚುರುಕು. ಕಲ್ಯಾಣಿಯಲ್ಲಿ ಮಿಡಲ್, ಗುಲಬರ್ಗಾದಲ್ಲಿ ಮೆಟ್ರಿಕ್ ಮುಗಿಸಿ, ಹೈದರಾಬಾದಿನ ಕಾಲೇಜಿಗೆ ಅರ್ಜಿ ಹಾಕಿದ್ದ. ಊಟ ವಸತಿ ಸಿಕ್ಕರೆ ಹೋಗಬಹುದು, ಇಲ್ಲದಿದ್ದರೆ ಕೂಲಿಯೇ ಗತಿ. ಕಾಲೇಜಿನವರು ಜಿಲ್ಲೆಯ ಕಚೇರಿಗೆ ಕೇಳಿದರು, ಜಿಲ್ಲೆಯ ಕಚೇರಿ ತನ್ನ ತಖ್ತೆ ನೋಡಿ, ಈ ಹುಡುಗ ಗೈರಮುಲ್ಕಿ ಎಂದು ತಿಳಿಸಿಬಿಟ್ಟಿತು.

"ಮಂಠಾಳದಾಗ ಹುಟ್ಟಿದ ಕೂಸು ಹೊರಗಿನಂವ ಹ್ಯಾಂಗ ಆದ್ನರಿ, ಸಾಹೇಬ್ರ?" ಎಂದು ಬಾಳಮ್ಮ ಕೇಳಿದಳು.

ಮೊಹಿನುದ್ದೀನನಿಗೆ ಆಗ ಹೊಳೆಯಿತು. ಹೊಳೆದ ಕೂಡಲೆ ಮೆಟ್ಟಿಲ ಮೇಲೆಯೇ ಕೂತ. ದನ ಕಾಯುವ ಹುಡುಗರು, ತೊಟ್ಟಿಲ ಕೂಸು, ಆ ಮುದುಕಿ, ಎಲ್ಲರೂ ಒಟ್ಟಿಗೆ ಕಣ್ಣ ಮುಂದೆ ಬಂದರು. ಉಳಿದವರಿಗೆ ಅದರಿಂದ ಆಗುವುದು ಹೋಗುವುದು ಏನೂ ಇರಲಿಲ್ಲ. ಅವರು ಯಾವ ಕಾಲೇಜಿನ ಬಾಗಿಲು ತಟ್ಟುವವರು? ನಿಜವಾಗಿ ಮುಂದೆ ಓದಿದವನು ಈ ಒಬ್ಬನೇ, ಏಟು ಬಿದ್ದದ್ದೂ ಈ ಒಬ್ಬನಿಗೇ. ಅವಳಿಗೆ ನಿಜ ಹೇಳೋಣ ಎಂದುಕೊಂಡ. ಹೇಳಿದ ಕೂಡ. ಬಾಳಮ್ಮ ಬಯ್ಯಲಿಲ್ಲ. ಪರದೇಶಿ ಎಂದರೆ ಪರದೇಶಿಯೇ ಅಲ್ಲವೇ ಎಂದುಕೊಂಡ ಅವಳಿಗೆ ತಪ್ಪು ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಹುಡುಗನಿಗೆ ತಿಳಿಯಿತು. ಅವನಿಗೆ ಉರ್ದುವೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಅವನು ಮೊಹಿನುದ್ದೀನನ ಮುಖವನ್ನು ಒಮ್ಮೆ ನೋಡಿ ನೆಲ ನೋಡಿದ.

ಮೊದಲು ಮಂಠಾಳದ ಪಟೇಲ ಮಡೆಪ್ಪನ ಹತ್ತಿರ ಹೋದರು. ಈ ಹುಡುಗ ಮುಲ್ಕಿ, ಹಿಂದೆ ಬರೆದದ್ದು ತಪ್ಪು ಎಂದು ಒಂದು ಸಾಲು ಬರೆದುಕೊಡು ಎಂದು ಮೊಹಿನುದ್ದೀನ್ ಕೇಳಿಕೊಂಡ. ಮಡೆಪ್ಪ ಕೆಟ್ಟವನಲ್ಲ. ಅವನಿಗೆ ತನ್ನ ಮಾತಿನ ಮೇಲೆ ಭಾರೀ ಅಭಿಮಾನ, ಅಷ್ಟೇ.

"ನಾ ತಪ್ಪು ಯಾವಾಗ ಬರಸೀನಿ? ತಾಯಿ ತಂದಿ ಇಲ್ಲದ ಹುಡುಗ ಪರದೇಶಿ ಅಲ್ಲದ ಮತ್ತೇನ್ರಿ? ಬೇಕಾದ್ರ ಊರಾಗ ಯಾರನ್ನರೆ ಕೇಳ್ರಿ" ಎಂದ.

ಸರ್ಕಾರದ ಅರ್ಥ ಬೇರೆ ಎಂದರೆ ಕೇಳಲಿಲ್ಲ. ಸರ್ಕಾರ ಕೇಳಿದ್ದು ಕನ್ನಡದಲ್ಲಿ, ತಾನು ಹೇಳಿದ್ದೂ ಕನ್ನಡದಲ್ಲಿ, ಅದಕ್ಕೆ ತನ್ನ ಸಹಿಯೂ ಇದೆ, ಈಗ ಅದನ್ನೇ ಸುಳ್ಳೆಂದರೆ ನಾಳೆ ತನ್ನ ಪಟೇಲಿಕೆ ಉಳಿಯುವುದಿಲ್ಲ ಎಂದು ಗಟ್ಟಿಯಾಗಿ ಕೂತುಬಿಟ್ಟ. ಅವನ ವಾದದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ ಎಂಬುದೇ ಮೊಹಿನುದ್ದೀನನ ತಲೆನೋವು.

ಉಳಿದದ್ದು ಸಾಹೇಬರು. ಅವರು ತಪಾಸಣೆಯ ದೌರೆಯ ಮೇಲೆ ಹುಮನಾಬಾದಿಗೆ ಬಂದ ದಿನ ಗುರುವಾರ. ಮೊಹಿನುದ್ದೀನ್ ಕೈ ಕಟ್ಟಿಕೊಂಡು ವಿಷಯ ಬಿನ್ನವಿಸಿದ. ಇಡೀ ತಖ್ತೆಯೇ ಎಡವಟ್ಟು ಎನ್ನುವ ಧೈರ್ಯ ಬರಲಿಲ್ಲ, ಈ ಒಂದು ಹೆಸರು ಕಣ್ತಪ್ಪಿನಿಂದ ಬಂದಿದೆ ಎಂದ. ಸಾಹೇಬರು ಮುಖ ಸಿಂಡರಿಸಿದರು. ಹೋಲಿಸಿ, ಓದಿ, ಶಾಬಾಸ್ ಪಡೆದ ತಖ್ತೆ ಅದು. ಅದರೊಳಗಿಂದ ಒಂದು ಹೆಸರು ತೆಗೆದರೆ ಉಳಿದ ಹೆಸರುಗಳನ್ನೂ ಯಾರಾದರೂ ಕೆದಕುತ್ತಾರೆ, ಅದನ್ನು ಮುಟ್ಟುವ ಮಾತೇ ಇಲ್ಲ ಎಂದರು. ಆದರೆ ಹುಡುಗನ ಅಂಕಗಳನ್ನು ನೋಡಿ ಅವರಿಗೂ ಮನಸ್ಸು ಸ್ವಲ್ಪ ಮೆತ್ತಗಾಯಿತು. ಕುರ್ಚಿಗೆ ಒರಗಿ ಒಂದು ದಾರಿ ಹೇಳಿದರು.

ತಂದೆ ಕೂಲಿಯವ, ಅವನ ಹೆಸರು ಯಾವ ಹೊಲದ ಮೇಲೂ ಇಲ್ಲ, ಅವನು ಮುಲ್ಕಿ ಎಂಬುದಕ್ಕೆ ಪುರಾವೆ ಇಲ್ಲ. ಇಂಥ ಕಡೆ ಸಾಕಿದವರು ಎಲ್ಲಿಯವರೋ ಹುಡುಗನೂ ಅಲ್ಲಿಯವನೇ. ಸಾಕಿದ ಹೆಂಗಸು ಅಕ್ಕಲಕೋಟೆ ಸೀಮೆಯವಳು. ಅಂದಮೇಲೆ ಹುಡುಗ ಗೈರಮುಲ್ಕಿ, ತಖ್ತೆ ಬರೆದದ್ದೇ ಸರಿ. ಆದರೆ ಹುಡುಗನಿಗೆ ಯಾರೂ ಇಲ್ಲ ಎಂದಾದರೆ ಅವನು ಲಾವಾರಿಸ್, ದಿಕ್ಕಿಲ್ಲದವನು. ದಿಕ್ಕಿಲ್ಲದವನಿಗೆ ಸರ್ಕಾರವೇ ತಂದೆ, ಆದ್ದರಿಂದ ಅವನು ಮುಲ್ಕಿ. ಹಿಂದಿನದ್ದು ಹಾಗೇ ಇರಲಿ, ಇದನ್ನು ಹೊಸದಾಗಿ ಬರೆದುಕೊಟ್ಟರೆ ಸಾಕು. ಇದು ಕಾನೂನಿನಲ್ಲಿ ಇತ್ತೋ, ಸಾಹೇಬರ ತಲೆಯಲ್ಲಿ ಆಗ ತಾನೇ ಹುಟ್ಟಿತೋ, ಕಂಡವರು ಯಾರು. ಆ ಹೆಂಗಸು ಬಂದು ಈ ಹುಡುಗ ತನಗೇನೂ ಅಲ್ಲ ಎಂದು ಹೇಳಿ ಹೆಬ್ಬೆಟ್ಟು ಒತ್ತಲಿ ಎಂದರು.

ಹೊರಗೆ ಬೇವಿನ ಗಿಡದ ನೆರಳಲ್ಲಿ ಕಾದು ಕೂತಿದ್ದ ಬಾಳಮ್ಮನಿಗೆ ಮೊಹಿನುದ್ದೀನ್ ಇದನ್ನೆಲ್ಲ ಬಿಡಿಸಿ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಹೆತ್ತವಳಲ್ಲದಿದ್ದರೂ ಹೆತ್ತವಳಿಗಿಂತ ಹೆಚ್ಚಾಗಿ ಸಾಕಿದವಳನ್ನು ಕೂಡಿಸಿಕೊಂಡು, ನೀನು ಅವನಿಗೆ ಯಾರೂ ಅಲ್ಲ ಎಂದುಬಿಡು ಎಂದು ಹೇಳುವುದು ಯಾವ ಭಾಷೆಯಲ್ಲಾದರೂ ಹೊಲಸು ಕೆಲಸ. ಏಕನಾಥ ಎದ್ದು ನಿಂತು, ಬೇಡ ಚಿಗವ್ವ, ನಾನು ಸೊಲ್ಲಾಪುರದ ಗಿರಣಿಗೆ ಹೋಗುತ್ತೇನೆ ಎಂದ. ಬಾಳಮ್ಮ ಅವನ ಕೈ ಹಿಡಿದು ಕೂಡಿಸಿದಳು. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತು, ಒಂದು ಮಾತು ಅಂದರೆ ಓದು ಸಿಗುತ್ತದೆಯೇ ಎಂದು ಕೇಳಿದಳು. ಸಿಗುತ್ತದೆ ಎಂದ ಮೊಹಿನುದ್ದೀನ್. ಹಾಗಾದರೆ ನಡೆಯಿರಿ ಎಂದು ಎದ್ದಳು.

ಒಳಗೆ ಸಾಹೇಬರು ಕೇಳಿದರು. ಮೊಹಿನುದ್ದೀನ್ ಅದನ್ನು ಕನ್ನಡಕ್ಕೆ ತಂದ.

"ಬಾಳಮ್ಮ, ಈ ಹುಡುಗ ನಿನಗ ಏನಾಗಬೇಕು ಅಂತ ಕೇಳಾಕತ್ತಾರ."

"ಏನೂ ಅಲ್ರಿ. ಪರದೇಶಿ ಹುಡುಗ ರೀ ಅದು" ಎಂದಳು ಬಾಳಮ್ಮ.

ಅಷ್ಟು ಮಾತಿನಲ್ಲಿ ಸಾಹೇಬರಿಗೆ ತಿಳಿದದ್ದು ಒಂದೇ ಶಬ್ದ. ಅದನ್ನು ಹಿಡಿದುಕೊಂಡು ಮೇಜು ತಟ್ಟಿದರು. ನೋಡಿ, ಇವಳ ಬಾಯಿಂದಲೇ ಬಂತು, ಪರದೇಸಿಯಂತೆ, ಇನ್ನೇನು ಉಳಿಯಿತು ಎಂದು ಕಾಗದ ಮಡಿಚಲು ಹೋದರು. ಮೊಹಿನುದ್ದೀನ್ ಅವಸರದಿಂದ ನಡುವೆ ಬಂದ. ಹುಜೂರ್, ಇವರ ಮಾತಿನಲ್ಲಿ ಪರದೇಶಿ ಎಂದರೆ ಹೊರಗಿನವನಲ್ಲ, ಯಾರೂ ಇಲ್ಲದವನು ಎಂದ.

ಸಾಹೇಬರ ಕೈ ನಿಂತಿತು. ದಡ್ಡರಲ್ಲ ಅವರು. ಕಲ್ಯಾಣಿ ಸೀಮೆಯ ಹಳ್ಳಿ ಹಳ್ಳಿಯ ಗೈರಮುಲ್ಕಿಗಳು, ಹಳೆಯ ವೈಭವ, ಮೇಲಿನಿಂದ ಬಂದ ಶಾಬಾಸ್, ಎಲ್ಲವೂ ಏನೆಂದು ಆ ಒಂದು ಗಳಿಗೆಯಲ್ಲಿ ಅವರಿಗೆ ತಿಳಿದುಹೋಯಿತು. ಮೊಹಿನುದ್ದೀನನ ಮುಖವನ್ನೇ ನೋಡಿದರು. ಮೊಹಿನುದ್ದೀನ್ ನೌಕರಿ ಹೋಯಿತು ಎಂದೇ ತಿಳಿದ. ಸಾಹೇಬರು ಕಿಟಕಿಯ ಕಡೆ ತಿರುಗಿ, ತಮಗೆ ಏನೂ ಕೇಳಿಸಲಿಲ್ಲ ಎಂಬ ದನಿಯಲ್ಲಿ, ಆ ಶಬ್ದ ಬಿಟ್ಟು ಹೇಳಲು ಹೇಳು, ಸ್ಪಷ್ಟವಾಗಿ ಹೇಳಲಿ ಎಂದರು.

ಅಂದರೆ ಬಾಳಮ್ಮ ಎರಡನೆಯ ಸಲ ಹೇಳಬೇಕಾಯಿತು. ಮೊದಲನೆಯ ಸಲ ಒಂದು ಕರುಣೆಯ ಶಬ್ದದ ಮರೆಯಲ್ಲಿ ಹೇಳಿದ್ದಳು. ಈಗ ಆ ಮರೆಯೂ ಇಲ್ಲ. ಮೊಹಿನುದ್ದೀನ್ ಮತ್ತೆ ಕೇಳಿದ. ಅವಳು ಹುಡುಗನ ಕಡೆ ನೋಡದೆ ಸಾಹೇಬರ ಬೆನ್ನಿಗೆ ಹೇಳಿದಳು.

"ನಾ ಇವನಿಗೆ ಚಿಗವ್ವ ಅಲ್ರಿ, ಅವ್ವನೂ ಅಲ್ರಿ. ನಾ ಯಾರೋ, ಇಂವ ಯಾರೋ."

ಮೊಹಿನುದ್ದೀನ್ ಉರ್ದುವಿನಲ್ಲಿ ಇದಕ್ಕಿಂತ ಗಿಡ್ಡಗೆ ಹೇಳಿದ. ಇಷ್ಟು ವರ್ಷಗಳಲ್ಲಿ ಒಂದು ಮಾತನ್ನು ಬೇಕೆಂದೇ ಮೊಟಕು ಮಾಡಿದ್ದು ಅದೇ ಮೊದಲು. ಬಾಳಮ್ಮ ಹೆಬ್ಬೆಟ್ಟು ಒತ್ತಿದಳು. ಏಕನಾಥ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದವನು, ಅವಳು ಬೆರಳಿನ ಮಸಿಯನ್ನು ಸೀರೆಗೆ ಒರೆಸಿಕೊಂಡಾಗ ಹೊರಗೆ ಹೋಗಿಬಿಟ್ಟ.

ಬಸ್ಸಿನ ಹೊತ್ತಾಗಿತ್ತು. ತಪ್ಪಿದರೆ ಶುಕ್ರವಾರವೂ ಹುಮನಾಬಾದಿನಲ್ಲೇ. ಮೊಹಿನುದ್ದೀನ್ ಚೀಲ ಎತ್ತಿಕೊಂಡು ಹೊರಟಾಗ ಬಾಳಮ್ಮ ಬೆನ್ನ ಹಿಂದೆಯೇ ಬಂದು, ಇನ್ನು ಮುಂದೆ ತಾನು ಏನು ಮಾಡಬೇಕು ಎಂದು ಕೇಳಿದಳು. ಅವನಿಗೆ ತಲೆ ಸಿಡಿಯುತ್ತಿತ್ತು. ಕಚೇರಿಯ ಅಂಗಳದಲ್ಲಿ ನಾಲ್ಕು ಜನರ ಮುಂದೆ ಅಳುತ್ತ ಹುಡುಗನನ್ನು ಅಪ್ಪಿಕೊಂಡು ಸಾಹೇಬರ ಕಣ್ಣಿಗೆ ಬೀಳಬೇಡ ಎಂಬುದಷ್ಟೇ ಅವನ ಮನಸ್ಸಿನಲ್ಲಿದ್ದದ್ದು.

"ಏನೂ ಮಾಡಬ್ಯಾಡ ಬಾಳಮ್ಮ. ಒಳಗ ಹೇಳಿದ್ದು ಹೇಳಿದಂಗೇ ಇರಲಿ" ಎಂದು ಬಸ್ಸಿಗೆ ಓಡಿದ.

ಏಕನಾಥನಿಗೆ ಕಾಲೇಜು ಸಿಕ್ಕಿತು, ಊಟವೂ ಸಿಕ್ಕಿತು, ಇರಲು ಒಂದು ಮಂಚವೂ ಸಿಕ್ಕಿತು. ಸುದ್ದಿ ಕೇಳಿ ಮೊಹಿನುದ್ದೀನ್ ಸಮಾಧಾನದ ಉಸಿರು ಬಿಟ್ಟು, ಆಮೇಲೆ ಅವರಿಬ್ಬರನ್ನು ಮರೆತ. ಮರೆಯುವುದು ಅವನಿಗೆ ಕಷ್ಟವಾಗಲಿಲ್ಲ. ಮರುವರ್ಷ ಯುದ್ಧ ಶುರುವಾಯಿತು, ದಿನಕ್ಕೊಂದು ಹುಕುಮು. ಸೀಮೆಎಣ್ಣೆಗೆ ಒಂದು, ಕಾಳುಕಡಿಗೆ ಒಂದು, ಇದ್ದಿಲ ಹೊಗೆಯಿಂದ ಓಡುವ ಬಸ್ಸಿಗೆ ಒಂದು. ಎಲ್ಲವೂ ಕನ್ನಡವಾಗಬೇಕು. ಕಣ್ಣು ಮಂಜಾಯಿತು. ಗುರುವಾರದ ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಹೋಗಿ ಒಮ್ಮೆ ತನ್ನ ಊರನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದ.

ನಲವತ್ತೆರಡರ ಬೇಸಗೆಯಲ್ಲಿ ಕಚೇರಿಗೆ ಒಬ್ಬ ತರುಣ ಬಂದ. ಶೇರವಾನಿ, ಕೈಯಲ್ಲಿ ಟೋಪಿ. ಗುರುತು ಹತ್ತಲು ತಡವಾಯಿತು. ಏಕನಾಥ ಬಿ.ಎ. ಮುಗಿಸಿ, ಹೈದರಾಬಾದಿನಲ್ಲೇ ಮಾಸ್ತರಿಕೆ ಹಿಡಿದಿದ್ದ. ಚಿಗವ್ವನನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ, ಆದರೆ ಅವಳು ಬರುವುದಿಲ್ಲ, ತನ್ನನ್ನು ಮನೆಯೊಳಗೂ ಬಿಡುವುದಿಲ್ಲ ಎಂದ. ಮೊಹಿನುದ್ದೀನನಿಗೆ ಅರ್ಥವಾಗಲಿಲ್ಲ. ತರುಣ ಬಿಡಿಸಿ ಹೇಳಿದ.

ಆ ಗುರುವಾರದಿಂದ ಬಾಳಮ್ಮ ಊರಿನಲ್ಲಿ ಒಬ್ಬರ ಮುಂದೆಯೂ ಅವನನ್ನು ತನ್ನವನು ಎಂದಿಲ್ಲ. ಸಂತೆಯಲ್ಲಿ ಯಾರಾದರೂ ನಿನ್ನ ಮಗ ಹೇಗಿದ್ದಾನೆ ಎಂದು ಕೇಳಿದರೆ, ನನಗೆಲ್ಲಿಯ ಮಗ ಎನ್ನುತ್ತಾಳೆ. ರಜೆಗೆ ಬಂದರೆ ಅವನು ಮಡೆಪ್ಪನ ಪಡಸಾಲೆಯಲ್ಲಿ ಮಲಗಬೇಕು. ಪಕ್ಕದ ಮನೆಯ ಯಶೋದಾಬಾಯಿಯ ಕೈಯಲ್ಲಿ ರೊಟ್ಟಿ ಕಳಿಸುತ್ತಾಳೆ, ಕಳಿಸಿದವರು ಯಾರೆಂದು ಹೇಳಬೇಡ ಎನ್ನುತ್ತಾಳೆ. ತನಗೆ ಜ್ವರ ಬಂದು ಮಲಗಿದಾಗಲೂ ಅವನನ್ನು ಹೊಸ್ತಿಲ ಆಚೆಯೇ ನಿಲ್ಲಿಸಿ ಮಾತಾಡಿ ಕಳಿಸಿದಳು. ಸರ್ಕಾರಕ್ಕೆ ಗೊತ್ತಾದರೆ ನಿನ್ನ ಓದು ಹೋಗುತ್ತದೆ ಎನ್ನುತ್ತಾಳೆ. ಹಾಗೇನಿಲ್ಲ ಎಂದು ಎಷ್ಟು ಬೇಡಿಕೊಂಡರೂ, ನೀನು ಹುಡುಗ, ನಿನಗೇನು ತಿಳಿಯುತ್ತದೆ, ಕಚೇರಿಯವರೇ ಹೇಳಿದ್ದಾರೆ ಎಂದು ಬಾಯಿ ಮುಚ್ಚಿಸುತ್ತಾಳೆ.

"ಹೇಳಿದ್ದು ಹೇಳಿದಂಗೇ ಇರಲಿ ಅಂತ ನೀವೇ ಹೇಳಿದ್ರಂತ. ನೀವೇ ಬಂದು ಬಿಡಿಸ್ರಿ. ನನ್ನ ಮಾತು ನಂಬಂಗಿಲ್ಲ ಆಕಿ" ಎಂದ ಏಕನಾಥ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಮೊಹಿನುದ್ದೀನನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬಸ್ಸು ಹಿಡಿಯುವ ಅವಸರದಲ್ಲಿ ಬಾಯಿಂದ ಉದುರಿದ ಮಾತು ಅದು. ಆಡಿದ್ದೂ ಅವನಿಗೆ ನೆನಪಿರಲಿಲ್ಲ. ಒಂದು ಹೆಣ್ಣುಜೀವ ಅದನ್ನು ಹುಕುಮು ಎಂದು ತಿಳಿದು ವರ್ಷಗಟ್ಟಲೆ ಪಾಲಿಸಿಕೊಂಡು ಬಂದಿತ್ತು. ಮೊಹಿನುದ್ದೀನ್ ಅಂದು ಇಡೀ ದಿನ ಒಂದು ಸಾಲೂ ತರ್ಜುಮೆ ಮಾಡಲಿಲ್ಲ. ನಾಲ್ಕು ಮೆಟ್ಟಿಲಿಗೆ ದಣಿಯುವವನು ರಜೆಗಾಗಿ ಕಾಯದೆ ಮರುದಿನವೇ ಏಕನಾಥನ ಜೊತೆ ಮಂಠಾಳಕ್ಕೆ ಹೊರಟ. ಬಸ್ಸು ಇಳಿದ ಮೇಲಿನ ದಾರಿ ಬಿಸಿಲಿನಲ್ಲಿ ಕಾಲು ಸುಡುತ್ತಿತ್ತು. ನಡುನಡುವೆ ಕೂತ, ಮತ್ತೆ ಎದ್ದ. ಏಕನಾಥ ಛತ್ರಿ ಹಿಡಿದ.

ಬಾಳಮ್ಮ ಹೊಸ್ತಿಲ ಒಳಗೆ ಜೋಳ ಹಸನು ಮಾಡುತ್ತ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೊಹಿನುದ್ದೀನನನ್ನು ಕಂಡು ಗಾಬರಿಯಾಗಿ ಎದ್ದಳು. ಹಿಂದೆ ನಿಂತ ಏಕನಾಥನನ್ನು ಕಂಡ ಕೂಡಲೆ ಮುಖ ಬಿಳಿಚಿಕೊಂಡು, ಈ ಮಾಸ್ತರರು ಯಾರೋ ತನಗೆ ಗೊತ್ತಿಲ್ಲ ಎಂದು ಬಡಬಡನೆ ಹೇಳಿಬಿಟ್ಟಳು. ಸರ್ಕಾರ ಮತ್ತೆ ವಿಚಾರಣೆಗೆ ಬಂದಿದೆ ಎಂದು ತಿಳಿದಳು ಪಾಪ.

ಮೊಹಿನುದ್ದೀನ್ ಅಂಗಳದಲ್ಲೇ ನೆಲಕ್ಕೆ ಕೂತ. ಓದು ಮುಗಿದಿದೆ, ನೌಕರಿ ಸಿಕ್ಕಿದೆ, ಇನ್ನು ಯಾರೂ ಏನೂ ಕಸಿದುಕೊಳ್ಳುವುದಿಲ್ಲ ಎಂದು ನಿಧಾನವಾಗಿ ಹೇಳಿದ. ತನ್ನ ಮಗ ಎಂದು ಯಾರ ಮುಂದೆ ಬೇಕಾದರೂ ಹೇಳಬಹುದು ಎಂದ. ಬಾಳಮ್ಮ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು. ನಂಬಲೋ ಬೇಡವೋ ಎಂದು ಅವನ ಮ್ಲಾನವಾದ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳಿಗೆ ಬೇರೊಂದು ಸಂಶಯ ಬಂತು.

"ಖರೇ ಹೇಳ್ರಿ ಸಾಹೇಬ್ರ. ಆ ಒಂದು ದಿನ ಅಂದಿದ್ರ ಸಾಕಾಗ್ತಿತ್ತೇನ್ರಿ? ಊರಾಗ ನಾ ಸುಮ್ಮಸುಮ್ಮನ ಅಂದ್ನೇನು, ಇಷ್ಟು ವರ್ಷ?"

ಸಾಕಾಗುತ್ತಿತ್ತು. ಒಂದು ದಿನವೂ ಅಲ್ಲ, ಒಂದು ಗಳಿಗೆ. ಏಕನಾಥನಿಗೆ ಅದು ಗೊತ್ತಿತ್ತು, ಅವನು ಮೊಹಿನುದ್ದೀನನ ಬಾಯಿಯನ್ನೇ ನೋಡುತ್ತ ನಿಂತಿದ್ದ. ಮೊಹಿನುದ್ದೀನ್ ಜೀವಮಾನವೆಲ್ಲ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿದವನು, ತನ್ನ ಮಾತು ಎಂದು ಒಂದನ್ನೂ ಆಡಿದವನಲ್ಲ. ಅಂದು ಆಡಿದ.

"ಇಲ್ಲವ್ವಾ. ನೀ ಮಾಡಿದ್ದೇ ಸರಿ. ಹಂಗ ಮಾಡದಿದ್ರ ಮೊದಲನೇ ವರ್ಷನೇ ಹುಡುಗನ್ನ ವಾಪಸ್ ಕಳಸ್ತಿದ್ರು. ನಿನ್ನಿಂದನೇ ಅಂವ ಓದ್ಯಾನ."

ಏಕನಾಥ ಬಗ್ಗಿ ಹೊಸ್ತಿಲು ದಾಟಿ ಒಳಗೆ ಬಂದು ಅವಳ ಪಕ್ಕದಲ್ಲಿ ಕೂತ. ಬಾಳಮ್ಮ ಅವನ ಶೇರವಾನಿಯ ತೋಳನ್ನು ಒಮ್ಮೆ ಮುಟ್ಟಿ ನೋಡಿದಳು. ಮೊರ ಬದಿಗಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದು, ಪಕ್ಕದ ಮನೆಯ ಗೋಡೆಯ ಹತ್ತಿರ ಹೋದಳು. ಒಂದೆರಡು ಸಲ ಬಾಯಿ ತೆರೆದು ಮುಚ್ಚಿದಳು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಯಶೋದಾಬಾಯೀ, ಒಂದೀಟು ಸಕ್ರಿ ಕೊಡವಾ. ನನ್ನ ಮಗ ಬಂದಾನ."